ಕಾಯುವ ಬಲೆ, ಬೆನ್ನಟ್ಟುವ ಬಲೆ: ಕನ್ನಡ ಕರಾವಳಿಯ ಕಡಲು ಬಡವಾದ ಬಗೆ

ಪೀಠಿಕೆ

2022ರಲ್ಲಿ ಕರ್ನಾಟಕದ ಬಂದರುಗಳಲ್ಲಿ ಇಳಿದ ಕಡಲ ಮೀನು 6.95 ಲಕ್ಷ ಟನ್. ಆ ವರ್ಷ ತಮಿಳುನಾಡೊಂದನ್ನು ಬಿಟ್ಟರೆ ದೇಶದ ಬೇರಾವ ರಾಜ್ಯವೂ ಇಷ್ಟು ಮೀನು ಹಿಡಿದಿರಲಿಲ್ಲ. ಮಾಜಾಳಿಯಿಂದ ತಲಪಾಡಿಯವರೆಗಿನ ಸುಮಾರು 300 ಕಿಲೋಮೀಟರ್ ಕರಾವಳಿಗೆ ಇದು ಭಾರೀ ಫಸಲು. ಆದರೆ ಅದೇ ಕರಾವಳಿಯ ಪತ್ರಿಕೆಗಳಲ್ಲಿ ವರ್ಷ ಬಿಟ್ಟು ವರ್ಷ ಅಚ್ಚಾಗುತ್ತ ಬಂದಿರುವ ಶಬ್ದ ‘ಮತ್ಸ್ಯಕ್ಷಾಮ’. ಬೋಟುಗಳು ಡೀಸೆಲಿನ ಖರ್ಚೂ ಹುಟ್ಟದೆ ಮರಳಿದವು, ಬೂತಾಯಿ ಕಾಣೆಯಾಯಿತು, ಬಂಗುಡೆ ಬೆರಳುದ್ದ ಇರುವಾಗಲೇ ಬಲೆಗೆ ಬಿತ್ತು ಎಂಬ ಸುದ್ದಿಗಳು.

ಎರಡೂ ಮಾತು ಒಟ್ಟಿಗೆ ನಿಜವಾಗಿರಲು ಸಾಧ್ಯವೇ? ಸಾಧ್ಯ ಎಂಬುದು ಈ ಲೇಖನದ ಉತ್ತರ. ಹಾಗಾಗಲು ಏನೇನು ನಡೆಯಿತೆಂಬುದನ್ನು ಸುಮಾರು ನೂರೈವತ್ತು ವರ್ಷಗಳ ಅವಧಿಯಲ್ಲಿಟ್ಟು ಇಲ್ಲಿ ನೋಡಲಾಗಿದೆ. ವಾದ ಇಷ್ಟು: ಹಿಂದೆ ನಮ್ಮ ಕಡಲು ಉಳಿದದ್ದು ಹಿಡಿಯುವವನ ಕೈ ಮೋಟಾಗಿದ್ದುದರಿಂದ. ದಡ, ಮಳೆಗಾಲ, ಉಪ್ಪು, ನೂಲು ಎಂಬ ನಾಲ್ಕು ಕಟ್ಟುಗಳು ಆ ಕೈಯನ್ನು ಹಿಡಿದಿದ್ದವು. ಇಪ್ಪತ್ತನೆಯ ಶತಮಾನದ ಕೆಲವೇ ದಶಕಗಳಲ್ಲಿ ಅವು ಒಂದೊಂದಾಗಿ ಬಿಚ್ಚಿಕೊಂಡವು. ಅವುಗಳ ಜಾಗಕ್ಕೆ ಬರಬೇಕಾಗಿದ್ದ ಕಾಯಿದೆಯ ಕಟ್ಟು ಮಾತ್ರ ಪ್ರತಿ ಸಲವೂ ಹೊತ್ತು ಮೀರಿ ಬಂತು.

ನಾಲ್ಕು ಕಟ್ಟುಗಳು

ಭಾರತದ ಕಡಲ ಮೀನುಗಾರಿಕೆಯ ಬಗ್ಗೆ ವಸಾಹತು ಸರಕಾರ ಬರೆಯಿಸಿದ ಮೊದಲ ವಿಸ್ತಾರವಾದ ವರದಿ ಫ್ರಾನ್ಸಿಸ್ ಡೇ ಅವರದು, ಅಚ್ಚಾದದ್ದು 1873ರಲ್ಲಿ. ಸೇನೆಯ ವೈದ್ಯರಾಗಿ ಕೊಚ್ಚಿಯಲ್ಲಿದ್ದ ಡೇ ಮಲಬಾರಿನ ಮೀನುಗಳ ಮೇಲೆ 1865ರಲ್ಲೇ ಪುಸ್ತಕ ಬರೆದಿದ್ದರು. ಆಗ ಕನ್ನಡ ಕರಾವಳಿ ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು, ದಕ್ಷಿಣ ಕನ್ನಡ ಮದ್ರಾಸಿನಲ್ಲಿ ಉಳಿದಿತ್ತು. ಆದ್ದರಿಂದ ಈ ಕಡಲಿನ ಚರಿತ್ರೆ ಹುಡುಕುವವನು 1883ರ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟವನ್ನೂ 1894ರ ಸ್ಟರಕ್ ಅವರ ದಕ್ಷಿಣ ಕನ್ನಡ ಕೈಪಿಡಿಯನ್ನೂ ಅಕ್ಕಪಕ್ಕ ಇಟ್ಟುಕೊಳ್ಳಬೇಕಾಗುತ್ತದೆ.

ಡೇ ಅವರ ಗಮನ ಹೆಚ್ಚಾಗಿ ಹರಿದದ್ದು ಉಪ್ಪಿನ ಕಡೆಗೆ. ಹಿಡಿದ ಮೀನು ಸಂಜೆಯೊಳಗೆ ಮಾರಿಹೋಗಬೇಕು, ಇಲ್ಲವೇ ಉಪ್ಪು ಕಾಣಬೇಕು. ಉಪ್ಪಿನ ಮೇಲೆ ಸರಕಾರ ಹೇರಿದ ತೆರಿಗೆಯಿಂದ ಬಡ ಮೀನುಗಾರನಿಗೆ ಉಪ್ಪೇ ಕೈಗೆಟುಕುತ್ತಿರಲಿಲ್ಲ. ಮುಂದೆ ಮದ್ರಾಸ್ ಸರಕಾರ ಪಶ್ಚಿಮ ಕರಾವಳಿಯಲ್ಲಿ ಮೀನು ಒಣಗಿಸುವ ಅಂಗಳಗಳನ್ನು ತೆರೆದು ಅಲ್ಲೇ ಅಗ್ಗದ ಉಪ್ಪು ಕೊಡತೊಡಗಿತು. ಹೊಟ್ಟೆಗೆ ಹೋಗಿ ಮಿಕ್ಕದ್ದು ಉಪ್ಪಿಗೆ, ಉಪ್ಪಿಗೂ ಮಿಕ್ಕದ್ದು ತೆಂಗಿನ ಬುಡಕ್ಕೆ. ಅದಕ್ಕಿಂತ ಹೆಚ್ಚು ಹಿಡಿದರೆ ಅದು ದಡದಲ್ಲಿ ಕೊಳೆಯುವ ಮೀನು.

ಉಳಿದ ಮೂರು ಕಟ್ಟುಗಳೂ ಇಷ್ಟೇ ಸರಳ. ಹುಟ್ಟು ಹಾಕುವ, ಹಾಯಿ ಕಟ್ಟುವ ದೋಣಿ ಬೆಳಿಗ್ಗೆ ಹೋಗಿ ಸಂಜೆಗೆ ಮರಳುವಷ್ಟು ದೂರವೇ ಮೀನುಗಾರನ ಕಡಲು. ಜೂನ್ ಹೊತ್ತಿಗೆ ಮುಂಗಾರು ಎದ್ದರೆ ಅಳಿವೆ ದಾಟುವುದೇ ಅಸಾಧ್ಯ, ದೋಣಿಗಳು ಮಡಲಿನ ಮಾಡಿನಡಿ ಮಲಗುತ್ತಿದ್ದವು. ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಮತ್ತೆ ಬಲೆ. ಬೂತಾಯಿ ಮೊಟ್ಟೆಯಿಡುವುದು ಇದೇ ಜೂನ್-ಆಗಸ್ಟ್ ತಿಂಗಳುಗಳಲ್ಲಿ ಎಂದು ವಿಜ್ಞಾನ ಹೇಳಿದ್ದು ಬಹಳ ತಡವಾಗಿ. ಕೊನೆಯದು ನೂಲು. ಸೆಣಬಿನ, ಹತ್ತಿಯ ಬಲೆ ಉಪ್ಪುನೀರಿಗೆ ಕೊಳೆಯುತ್ತದೆ. ಮರದ ತೊಗಟೆಯ ಕಷಾಯದಲ್ಲಿ ಅದ್ದಿ, ಒಣಗಿಸಿ, ಹರಿದಲ್ಲಿ ಹೆಣೆದು ಬಾಳಿಕೆ ಬರಿಸಬೇಕು. ಬಲೆ ಕಡಲಿನಲ್ಲಿದ್ದಷ್ಟೇ ಹೊತ್ತು ದಡದ ಮೇಲೂ ಇರಬೇಕಾಗಿತ್ತು.

ದಡದಲ್ಲಿ ನಿಂತು ಹಿಡಿಯುವ ಬಲೆ

ಈ ಮಿತಿಗಳ ಒಳಗೇ ಹುಟ್ಟಿದ ದೊಡ್ಡ ಉಪಕರಣ ರಂಪಣಿ. ಗೋವಾದಲ್ಲಿ ರಾಂಪೊಣ್ ಎನ್ನುವ ಬಲೆ ಇದೇ. ಅಲ್ಲಿಂದಲೇ ಇಲ್ಲಿಗೆ ಇಳಿದು ಬಂತೆಂಬುದು ರೂಢಿಯ ಮಾತು. ಮೊಗವೀರರು, ಖಾರ್ವಿಗಳು, ಹರಿಕಂತ್ರರು ಮೀನು ಹಿಡಿಯುವ ಈ ಕರಾವಳಿಯಲ್ಲಿ ರಂಪಣಿ ಒಂದು ಬಲೆಯ ಹೆಸರೂ ಹೌದು, ಒಂದು ಕೂಟದ ಹೆಸರೂ ಹೌದು.

ಬಲೆಯ ಉದ್ದ ಕಿಲೋಮೀಟರಿಗೂ ಮಿಕ್ಕಿ. ಒಬ್ಬನೇ ಇಡೀ ಬಲೆಯ ಒಡೆಯನಾಗುವುದು ಕಷ್ಟ. ನೂರಾರು ತುಂಡುಗಳನ್ನು ಜೋಡಿಸಿ ಮಾಡಿದ್ದು, ಮನೆಮನೆಗೂ ತುಂಡಿನ ಪಾಲು. ಸೆಪ್ಟೆಂಬರ್ ಕಳೆದು ಕಡಲು ತಿಳಿಯಾಗುತ್ತಿದ್ದಂತೆ ಅನುಭವಸ್ಥರು ದಡದ ಮೇಲೆ ನಿಂತು ನೀರಿನ ಬಣ್ಣ ನೋಡುತ್ತಾರೆ. ಮೀನಿನ ಹಿಂಡು ಬಂದಲ್ಲಿ ನೀರು ಕಪ್ಪಾಗುತ್ತದೆ, ಮೇಲೆ ಹಕ್ಕಿ ಸುತ್ತುತ್ತದೆ. ಗುರುತು ಸಿಕ್ಕಿತೋ, ಹಗ್ಗದ ಒಂದು ತುದಿ ದಡದಲ್ಲಿ ಬಿಟ್ಟು ದೊಡ್ಡ ದೋಣಿ ಬಲೆ ಇಳಿಸುತ್ತ ಅರ್ಧಚಂದ್ರಾಕಾರವಾಗಿ ಸುತ್ತಿ ಮತ್ತೊಂದು ತುದಿಯನ್ನು ದೂರದ ದಡಕ್ಕೆ ತಂದು ಮುಟ್ಟಿಸುತ್ತದೆ. ಅಲ್ಲಿಂದಾಚೆಗೆ ಎಳೆತ. ಎರಡೂ ಹಗ್ಗಗಳಿಗೆ ಸೇರಿ ಅರವತ್ತು, ಎಂಬತ್ತು ಜನ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹಿಂಡು ದೊಡ್ಡದಾದರೆ ಒಂದೇ ಸಲಕ್ಕೆ ದಡಕ್ಕೆ ಹಾಕುವುದಿಲ್ಲ. ಬಲೆಯನ್ನು ನೀರಿನಲ್ಲೇ ಕಟ್ಟಿ ನಿಲ್ಲಿಸಿ, ಪೇಟೆ ಕೇಳಿದಷ್ಟನ್ನು ಮಾತ್ರ ದಿನವೂ ಬಾಚಿ ತೆಗೆಯುತ್ತಾರೆ. ಮೀನು ಜೀವಂತವಾಗಿಯೇ ಕಡಲ ಕೊಟ್ಟಿಗೆಯಲ್ಲಿ ಕಾಯುತ್ತದೆ. ಐಸು ಇಲ್ಲದ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಉಗ್ರಾಣ ಇರಲಿಲ್ಲ.

ರಂಪಣಿಯನ್ನು ಪುರಾಣ ಮಾಡಬಾರದು. ಸುತ್ತಿದ ಜಾಗದಲ್ಲಿ ಅದು ಮರಿ, ತಾಯಿ ಎಂದು ನೋಡುತ್ತಿರಲಿಲ್ಲ. ಪಾಲಿನ ಲೆಕ್ಕದಲ್ಲಿ ಬಲೆಯ ಪಾಲು ಹೆಚ್ಚು, ಎಳೆಯುವ ತೋಳಿನ ಪಾಲು ಕಡಿಮೆ. ಅತಿ ಫಸಲಾದ ವರ್ಷ ಬೂತಾಯಿಯನ್ನು ಗೊಬ್ಬರವೆಂದೇ ಸುರಿದದ್ದೂ ಉಂಟು. ಆದರೆ ಒಂದು ಮಾತು ಅದರ ರಚನೆಯಲ್ಲೇ ಇತ್ತು: ಅದು ಬಂದ ಮೀನನ್ನು ಹಿಡಿಯುವ ಬಲೆ. ದಡಕ್ಕೆ ಬಾರದ ಮೀನಿಗೆ ಅದರ ಭಯವಿಲ್ಲ. ಒಂದು ಹಿಂಡು ಸಿಕ್ಕರೆ ಹತ್ತು ಹಿಂಡು ಆಚೆಯಿಂದಲೇ ಹಾದುಹೋಗುತ್ತಿದ್ದವು. ಆ ಹತ್ತು ಹಿಂಡುಗಳೇ ಮುಂದಿನ ವರ್ಷದ ಬೀಜ.

ಬೂತಾಯಿಯ ಬರುಹೋಗು

ತುಳುವಿನ ಬೂತಾಯಿ, ಕುಂದಾಪುರದ ಬೈಗೆ, ಕೊಂಕಣಿಯ ತಾರ್ಲೆ ಎಲ್ಲವೂ ಒಂದೇ ಮೀನು. ವಿಜ್ಞಾನಿಗಳಿಗೆ ಅದು ಸಾರ್ಡಿನೆಲ್ಲ ಲಾಂಜಿಸೆಪ್ಸ್. ಎರಡು ಮೂರು ವರ್ಷದ ಆಯುಸ್ಸು, ವರ್ಷ ತುಂಬುವಷ್ಟರಲ್ಲಿ ಪ್ರಾಯ. ಮೈತುಂಬ ಎಣ್ಣೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಎಣ್ಣೆಗೆ ಬೆಲೆ ಬಂತು. ಮದ್ರಾಸಿನಲ್ಲಿ ಮೀನುಗಾರಿಕೆ ಇಲಾಖೆಗೆ ಅಡಿಪಾಯ ಹಾಕಿದ ಫ್ರೆಡ್ರಿಕ್ ನಿಕಲ್ಸನ್ ಪಶ್ಚಿಮ ಕರಾವಳಿಯಲ್ಲಿ ಬೂತಾಯಿಯನ್ನು ಬೇಯಿಸಿ, ಹಿಂಡಿ, ಎಣ್ಣೆ ಒಂದು ಕಡೆ, ಗೊಬ್ಬರದ ಹಿಂಡಿ ಒಂದು ಕಡೆ ಮಾಡುವ ವಿಧಾನವನ್ನು ಪ್ರಚಾರಕ್ಕೆ ತಂದರು. ಅಂದಿನಿಂದ ಬೂತಾಯಿ ಬರೀ ಊಟದ ಮೀನಾಗಿ ಉಳಿಯಲಿಲ್ಲ.

ಹೀಗಿರುವಾಗ 1940ರ ದಶಕದಲ್ಲಿ ಬೂತಾಯಿ ಬರುವುದೇ ನಿಂತಂತಾಯಿತು. ಎಂಜಿನ್ ಬೋಟು ಒಂದೂ ಇಲ್ಲದ ಕಾಲ ಅದು ಎಂಬುದನ್ನು ಮರೆಯಬಾರದು. ಇಲಾಖೆಯ ದೇವನೇಶನ್ 1943ರಲ್ಲಿ ಈ ಏರಿಳಿತದ ಕಾರಣಗಳ ಮೇಲೆ ವರದಿ ಪ್ರಕಟಿಸಿ, ಮೊಟ್ಟೆಯ ಮೀನನ್ನೂ ಮರಿಯನ್ನೂ ವಿಪರೀತ ಹಿಡಿದದ್ದರ ಕಡೆಗೆ ಬೆರಳು ತೋರಿಸಿದರು. ಮದ್ರಾಸ್ ಸರಕಾರ ಕೆಲವು ಬಗೆಯ ಬಲೆಗಳ ಮೇಲೆ, ಮರಿಮೀನು ಹಿಡಿಯುವುದರ ಮೇಲೆ ನಿರ್ಬಂಧ ಹಾಕಿತು. ಪಾಲಿಸುವವರೂ ಪಾಲಿಸುವಂತೆ ಮಾಡುವವರೂ ಇಲ್ಲದೆ ಕೆಲವೇ ವರ್ಷಗಳಲ್ಲಿ ಅದನ್ನು ಹಿಂದೆಗೆದುಕೊಂಡಿತು. ನಮ್ಮ ಕಡಲಿನಲ್ಲಿ ಮೀನಿನ ಸಂತತಿ ಕಾಯಲೆಂದು ಹೊರಟ ಮೊದಲ ಆಧುನಿಕ ನಿಯಮಗಳಲ್ಲಿ ಇದೂ ಒಂದು. ಅದರ ಹಣೆಬರಹವನ್ನೇ ಮುಂದಿನವುಗಳಲ್ಲಿ ಹಲವು ಪಡೆದವು.

1947ರಲ್ಲಿ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹುಟ್ಟಿದ ಮೇಲೆ ಬೂತಾಯಿಯ ಬಗ್ಗೆ ಇನ್ನೊಂದು ವಿವರಣೆ ಬೆಳೆಯಿತು. ವೇಲಪ್ಪನ್ ನಾಯರ್ ಮತ್ತು ಸುಬ್ರಹ್ಮಣ್ಯನ್ 1955ರಲ್ಲಿ ತೋರಿಸಿದ ಪ್ರಕಾರ ಫ್ರಾಜಿಲೇರಿಯಾ ಎಂಬ ಸೂಕ್ಷ್ಮ ಪಾಚಿ ಹುಲುಸಾದ ವರ್ಷ ಬೂತಾಯಿಯೂ ಹುಲುಸು. ಮುಂಗಾರಿನ ಗಾಳಿ ಮೇಲಿನ ನೀರನ್ನು ದಡದಿಂದಾಚೆ ತಳ್ಳುತ್ತದೆ, ತಳದ ತಣ್ಣನೆಯ ಸಾರವುಳ್ಳ ನೀರು ಮೇಲೇಳುತ್ತದೆ, ಪಾಚಿ ಹಬ್ಬುತ್ತದೆ, ಬೂತಾಯಿ ಕೊಬ್ಬುತ್ತದೆ. ಗಾಳಿ ತಪ್ಪಿದರೆ ಎಲ್ಲವೂ ತಪ್ಪಿತು.

ಈ ಹಿನ್ನೆಲೆ ನಮ್ಮ ವಿಷಯಕ್ಕೆ ಮುಖ್ಯ. ಬೂತಾಯಿ ಕಾಣೆಯಾದಾಗಲೆಲ್ಲ ಮನುಷ್ಯನೇ ಹೊಣೆ ಎನ್ನುವುದು ಚರಿತ್ರೆಗೆ ಹೊಂದುವ ಮಾತಲ್ಲ. ಏರಿಳಿತ ಆ ಮೀನಿನ ಜಾಯಮಾನ. ಆದರೆ ಇಳಿದ ವರ್ಷದಲ್ಲೂ ಎಲ್ಲೋ ಒಂದು ಕಡೆ ಬೀಜದಷ್ಟು ಮೀನು ಉಳಿಯುತ್ತಿತ್ತು, ಯಾಕೆಂದರೆ ಅಲ್ಲಿಗೆ ಯಾರ ಬಲೆಯೂ ಮುಟ್ಟುತ್ತಿರಲಿಲ್ಲ. ಮುಂದೆ ಬದಲಾದದ್ದು ಈ ಸಂಗತಿ.

ಎಂಜಿನ್, ಐಸು, ನೈಲಾನ್

1952ರಲ್ಲಿ ವಿಶ್ವಸಂಸ್ಥೆ, ನಾರ್ವೆ ಮತ್ತು ಭಾರತದ ನಡುವೆ ಒಪ್ಪಂದವಾಗಿ ಮರುವರ್ಷ ಕೊಲ್ಲಂ ಬಳಿಯ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಆರಂಭವಾಯಿತು. ಉದ್ದೇಶ ಒಳ್ಳೆಯದೇ: ಬಡ ಮೀನುಗಾರರಿಗೆ ಎಂಜಿನ್ ದೋಣಿ, ಐಸು, ಶುದ್ಧ ನೀರು, ಆಸ್ಪತ್ರೆ. ಆದರೆ ಸಿಗಡಿಗೆ ಹೊರದೇಶದಲ್ಲಿ ಬಂದ ಬೆಲೆ ಯೋಜನೆಯ ದಾರಿಯನ್ನೇ ತಿರುಗಿಸಿತು. ತಳ ಬಾಚುವ ಟ್ರಾಲ್ ಬಲೆ ಮುಂದೆ ಬಂತು. 1960ರ ದಶಕದಲ್ಲಿ ಯೋಜನೆ ಬೇರೆ ರಾಜ್ಯಗಳಿಗೂ ಹರಡಿದಾಗ ಕಾರವಾರವೂ ಅದರ ನೆಲೆಗಳಲ್ಲೊಂದಾಯಿತು.

ಅದೇ ಹೊತ್ತಿಗೆ ಉಳಿದ ಕಟ್ಟುಗಳೂ ಸಡಿಲವಾದವು. ಐಸ್ ಪ್ಲಾಂಟುಗಳು ಬಂದು ಉಪ್ಪಿನ ಹಂಗು ತಪ್ಪಿತು. ನದಿಗಳಿಗೆ ಸೇತುವೆ ಬಿದ್ದು ಕರಾವಳಿಯ ಹೆದ್ದಾರಿ ಕೂಡಿಕೊಂಡಾಗ ಮಲ್ಪೆಯ ಮೀನು ಕೇರಳಕ್ಕೂ ಘಟ್ಟದ ಮೇಲಿನ ಪೇಟೆಗಳಿಗೂ ಲಾರಿಯಲ್ಲಿ ಹೋಗತೊಡಗಿತು. ಹತ್ತಿಯ ಜಾಗಕ್ಕೆ ನೈಲಾನ್ ಬಂತು. ಅದಕ್ಕೆ ತೊಗಟೆಯ ಕಷಾಯ ಬೇಡ, ಒಣಗಿಸುವ ರಜೆ ಬೇಡ. ಹಗುರ, ಗಟ್ಟಿ, ನೀರಿನಲ್ಲಿ ಕಣ್ಣಿಗೆ ಬೀಳುವುದೂ ಕಡಿಮೆ. ಅದರ ಇನ್ನೊಂದು ಗುಣ ಆಗ ಯಾರಿಗೂ ತಲೆಗೆ ಹೊಳೆಯಲಿಲ್ಲ. ಹರಿದು ಕಡಲಿಗೆ ಬಿದ್ದ ಹತ್ತಿ ಬಲೆ ತಿಂಗಳುಗಳಲ್ಲಿ ಮಣ್ಣಾಗುತ್ತಿತ್ತು. ನೈಲಾನ್ ತುಂಡು ವರ್ಷಗಟ್ಟಲೆ ಒಡೆಯನಿಲ್ಲದೆ ಮೀನು, ಆಮೆಗಳನ್ನು ಹಿಡಿಯುತ್ತಲೇ ಇರುತ್ತದೆ.

ಪರ್ಸೀನ್ ಬಂದ ಮೇಲೆ

1970ರ ದಶಕದ ಮಧ್ಯದಲ್ಲಿ ಮಂಗಳೂರು, ಮಲ್ಪೆಗಳಲ್ಲಿ ವಾಣಿಜ್ಯದ ಮಟ್ಟದಲ್ಲಿ ಪರ್ಸೀನ್ ಬಲೆ ಇಳಿಯಿತು. ಹಣದ ಚೀಲದ ಬಾಯಿಗೆ ದಾರ ಎಳೆದಂತೆ ಕೆಲಸ ಮಾಡುವ ಬಲೆ ಅದು. ಹಿಂಡು ಕಂಡಲ್ಲಿಗೆ ಬೋಟು ಓಡಿ, ಗೋಡೆಯಂತೆ ಬಲೆಯನ್ನು ಸುತ್ತ ಇಳಿಸಿ, ಅಡಿಯ ಬಳೆಗಳಲ್ಲಿ ಹಾದ ಹಗ್ಗವನ್ನು ಬಿಗಿದರೆ ತಳ ಮುಚ್ಚಿಕೊಳ್ಳುತ್ತದೆ. ಕೆಳಗಿನಿಂದಲೂ ದಾರಿಯಿಲ್ಲ. ರಂಪಣಿಗೆ ಎಂಬತ್ತು ಜನ ಅರ್ಧ ದಿನ ಎಳೆಯುವ ಕೆಲಸವನ್ನು ಇಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಗಂಟೆ ಎರಡು ಗಂಟೆಯಲ್ಲಿ ಮುಗಿಸುತ್ತಿದ್ದರು.

ದಡದ ಕಡೆ ಬರುತ್ತಿದ್ದ ಬೂತಾಯಿ, ಬಂಗುಡೆಯ ಹಿಂಡುಗಳನ್ನು ಪರ್ಸೀನ್ ದಾರಿಯಲ್ಲೇ ತಡೆಯಿತು. ದಡದಲ್ಲಿ ನಿಂತು ನೀರಿನ ಬಣ್ಣ ನೋಡುವವನಿಗೆ ನೀರು ಬರೀ ನೀಲಿಯಾಗಿಯೇ ಕಂಡಿತು. 1978-79ರ ಹೊತ್ತಿಗೆ ರಂಪಣಿಯವರಿಗೂ ಪರ್ಸೀನಿನವರಿಗೂ ಘರ್ಷಣೆಗಳಾದವು. ಗೋವಾದಲ್ಲೂ ಅದೇ ಕಾಲದಲ್ಲಿ ರಾಂಪೊಣಕಾರರು ಮತಾನಿ ಸಲ್ಡಾನಾ ಅವರಂಥವರ ಮುಂದಾಳತ್ವದಲ್ಲಿ ಬೀದಿಗಿಳಿದರು. ಅಲ್ಲಿ 1980ರಲ್ಲಿ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂತು. ನಮ್ಮಲ್ಲಿ ಕಾಯಿದೆಗೆ ಮೊದಲು ರಂಪಣಿಯೇ ಮುಗಿಯಿತು. ಅನುಕೂಲವಿದ್ದ ರಂಪಣಿ ಪಾಲುದಾರರು ತಾವೇ ಪರ್ಸೀನಿಗೆ ಹಣ ಹೂಡಿದರು, ಉಳಿದವರು ಅದೇ ಬೋಟಿಗೆ ಕೂಲಿಗೆ ಹೋದರು. 1980ರ ದಶಕದ ಆರಂಭದಲ್ಲಿ ಪರ್ಸೀನ್ ಬೋಟುಗಳು ನೂರಾರು. ನೂರು ವರ್ಷಕ್ಕೂ ಮಿಕ್ಕಿ ಬಾಳಿದ ಬಲೆ ಐದಾರು ವರ್ಷಗಳಲ್ಲಿ ಮಾಡಿನ ಅಟ್ಟ ಸೇರಿತು. ಇಂದು ಅಲ್ಲಲ್ಲಿ ಉಳಿದಿರುವುದು ಅದರ ಚಿಕ್ಕ ರೂಪವಾದ ಕೈರಂಪಣಿ.

ಇದನ್ನು ಬಡವ-ಬಲ್ಲಿದರ ಜಗಳವೆಂದಷ್ಟೇ ಓದಿದರೆ ಅರ್ಧ ಓದಿದಂತೆ. ಕಡಲಿನ ಕಡೆಯಿಂದ ನೋಡಿದರೆ ಆದದ್ದು ಬೇರೆ: ಕಾಯುವ ಬಲೆ ಹೋಗಿ ಬೆನ್ನಟ್ಟುವ ಬಲೆ ಬಂತು. ಹಾದುಹೋಗುತ್ತಿದ್ದ ಹತ್ತು ಹಿಂಡುಗಳಿಗೆ ಹಾದುಹೋಗುವ ದಾರಿ ಉಳಿಯಲಿಲ್ಲ. ದಡದ ಬದುಕಿಗೂ ಪೆಟ್ಟು ಬಿತ್ತು. ಊರೂರ ಮರಳಿನ ಮೇಲೆ ಇಳಿಯುತ್ತಿದ್ದ ಮೀನು ಮಂಗಳೂರು ಧಕ್ಕೆ, ಮಲ್ಪೆ, ಗಂಗೊಳ್ಳಿಯಂಥ ಕೆಲವೇ ಬಂದರುಗಳಿಗೆ ಸೇರಿತು. ಮನೆಯ ಮುಂದಿನ ಮರಳಿನಿಂದಲೇ ಬುಟ್ಟಿ ತುಂಬಿಸಿಕೊಂಡು ಹೊರಡುತ್ತಿದ್ದ ಹೆಂಗಸರು ನಸುಕಿನಲ್ಲಿ ಬಸ್ಸು ಹಿಡಿದು ಬಂದರಿಗೆ ಹೋಗಿ ಏಲಂನಲ್ಲಿ ನಿಲ್ಲಬೇಕಾಯಿತು.

ಬಾಯಲ್ಲಿ ಮೊಟ್ಟೆ ಹೊತ್ತ ಮೀನು

ಬೂತಾಯಿಯಂಥ ಮೀನು ಒಂದು ವರ್ಷ ಸೋತರೂ ಲಕ್ಷಗಟ್ಟಲೆ ಮೊಟ್ಟೆಯಿಂದ ಮತ್ತೆ ಎದ್ದೀತು. ಎಲ್ಲ ಮೀನುಗಳಿಗೂ ಆ ಬಲ ಇಲ್ಲ. ಕಡಲ ಕ್ಯಾಟ್‌ಫಿಶ್ ಅದಕ್ಕೆ ನಮ್ಮ ಕರಾವಳಿಯ ಅತ್ಯಂತ ಸ್ಪಷ್ಟವಾದ ಉದಾಹರಣೆ.

ಈ ಮೀಸೆಮೀನಿನ ಹೆಣ್ಣು ಇಡುವ ಮೊಟ್ಟೆ ಕೆಲವೇ ಡಜನ್, ಆದರೆ ಒಂದೊಂದೂ ಗೋಲಿಯ ಗಾತ್ರ. ಇಟ್ಟ ಮೊಟ್ಟೆಯನ್ನು ಗಂಡು ತನ್ನ ಬಾಯಲ್ಲಿ ತುಂಬಿಕೊಳ್ಳುತ್ತದೆ. ಮರಿಯೊಡೆದು ಈಜುವಷ್ಟಾಗುವವರೆಗೆ, ವಾರಗಟ್ಟಲೆ, ಅದು ಏನನ್ನೂ ತಿನ್ನದೆ ಬಾಯಿ ಮುಚ್ಚಿಕೊಂಡು ಮೊಟ್ಟೆಗೆ ನೀರಾಡಿಸುತ್ತ ತಿರುಗುತ್ತದೆ. ಆ ಅವಧಿಯಲ್ಲಿ ಗಂಡುಗಳು ಹಿಂಡು ಕಟ್ಟುತ್ತವೆ. ಪರ್ಸೀನಿಗೆ ಬೇಕಾದದ್ದು ಹಿಂಡೇ.

1980ರ ದಶಕದಲ್ಲಿ ಮಂಗಳೂರು, ಮಲ್ಪೆ ಕಡೆಯ ಪರ್ಸೀನ್ ಬಲೆಗಳಿಗೆ ಇಂಥ ಹಿಂಡುಗಳು ಇಡಿಯಾಗಿ ಬಿದ್ದದ್ದನ್ನು ಸಂಶೋಧನಾ ಸಂಸ್ಥೆಯವರು ಬಂದರಿನಲ್ಲಿ ನಿಂತು ದಾಖಲಿಸಿದರು. ಬಲೆ ಬಿಗಿದಾಗ ಉಸಿರು ಕಟ್ಟಿದ ಗಂಡು ಬಾಯಿ ತೆರೆಯುತ್ತದೆ, ಹಳದಿ ಮೊಟ್ಟೆಗಳು ಉದುರಿ ಬೋಟಿನ ಹಲಗೆಯ ಮೇಲೆ ಉರುಳುತ್ತವೆ. ಒಂದು ಮೀನು ಸತ್ತರೆ ಸತ್ತದ್ದು ಒಂದು ತಲೆಮಾರು. ಮೊಟ್ಟೆ ಹೊತ್ತ ಗಂಡನ್ನು ಹಿಡಿಯಬೇಡಿ ಎಂದು ವಿಜ್ಞಾನಿಗಳು ಆಗಲೇ ಬರೆದರು. ಹಿಂಡು ಸಿಕ್ಕ ದಿನದ ಸಂಪಾದನೆಯ ಮುಂದೆ ಆ ಬರಹ ನಿಲ್ಲಲಿಲ್ಲ. ದಶಕ ಮುಗಿಯುವಷ್ಟರಲ್ಲಿ ಈ ಕರಾವಳಿಯ ಕ್ಯಾಟ್‌ಫಿಶ್ ಫಸಲು ಕುಸಿಯಿತು. ಬೂತಾಯಿಯ ಹಾಗೆ ಅದು ಮರಳಿ ಹಿಂದಿನ ಪ್ರಮಾಣಕ್ಕೆ ಏರಲೇ ಇಲ್ಲ. ಗಾಳಿಯ ಮೇಲೆ, ಪಾಚಿಯ ಮೇಲೆ ಹೊಣೆ ಹಾಕಲು ಇಲ್ಲಿ ಎಡೆಯಿಲ್ಲ.

ತಳ ಬಾಚಿದ ಬೋಟುಗಳು

ಪರ್ಸೀನ್ ಮೇಲಿನ ನೀರನ್ನು ಸುತ್ತಿದರೆ ಟ್ರಾಲ್ ಕಡಲಿನ ತಳವನ್ನು ಬಾಚಿತು. ಸಿಗಡಿಯ ಆಸೆಗೆ ಹೊರಟ ಟ್ರಾಲ್ ಬಲೆಯಲ್ಲಿ ಸಿಗಡಿಗಿಂತ ಹೆಚ್ಚಾಗಿ ಬೀಳುವುದು ಬೇರೆಯದು: ನಂಗು, ಏಡಿ, ತೊರಕೆ, ಹೆಸರಿಡದ ಹುಳು-ಹುಪ್ಪಟೆ, ಎಲ್ಲಕ್ಕಿಂತ ಹೆಚ್ಚಾಗಿ ಬೆಲೆಯುಳ್ಳ ಮೀನುಗಳ ಮರಿ. ಮೊದಲು ಅದನ್ನು ಕಡಲಿಗೇ ಚೆಲ್ಲುತ್ತಿದ್ದರು. ಮೀನೆಣ್ಣೆ ಮತ್ತು ಫಿಶ್‌ಮೀಲ್ ಕಾರ್ಖಾನೆಗಳು ಬೆಳೆದ ಮೇಲೆ ಆ ಕಸಕ್ಕೂ ಕಿಲೋ ಲೆಕ್ಕದ ಬೆಲೆ ಬಂತು. ಇವತ್ತು ಮಲ್ಪೆಯಲ್ಲೋ ಮಂಗಳೂರಿನಲ್ಲೋ ಬೆಳಗಿನ ಹೊತ್ತು ನಿಂತು ನೋಡಿದರೆ ಸಾಕು. ಒಂದು ಬದಿಯಲ್ಲಿ ಅಂಜಲ್, ಮಾಂಜಿಗಳನ್ನು ಒಂದೊಂದಾಗಿ ಐಸಿನ ಮೇಲೆ ಜೋಡಿಸುತ್ತಿರುತ್ತಾರೆ. ಇನ್ನೊಂದು ಬದಿಯಲ್ಲಿ ಬೆರಳುದ್ದದ ಮರಿಗಳ ಬೂದು ರಾಶಿಯನ್ನು ಸಲಿಕೆಯಿಂದ ಲಾರಿಗೆ ತುಂಬುತ್ತಿರುತ್ತಾರೆ. ಎರಡನೆಯ ರಾಶಿಯಲ್ಲಿರುವುದು ಮೊದಲನೆಯ ಸಾಲಿನ ಮುಂದಿನ ವರ್ಷ.

ದಡದ ಬಳಿ ಮೀನು ತೆಳುವಾದಂತೆ ಬೋಟುಗಳು ದೂರ ಸರಿದವು. ಅದೇ ದಿನ ಹೋಗಿ ಬರುತ್ತಿದ್ದವು ಹತ್ತು ಹನ್ನೆರಡು ದಿನ ಕಡಲಲ್ಲೇ ಉಳಿಯತೊಡಗಿದವು. ಉತ್ತರಕ್ಕೆ ಗೋವಾ, ಮಹಾರಾಷ್ಟ್ರದ ಕಡಲು. ಪಶ್ಚಿಮಕ್ಕೆ ನೂರು ಮೀಟರಿಗಿಂತ ಆಳದ ನೀರು. ಮದ್ಮಲ್, ಬೊಂಡಾಸ್‌ಗಳಂಥ ಹೊಸ ಫಸಲು ಕೈಗೆ ಬಂತು. ಹಿಂದೆ ಯಾರೂ ಕೇಳದ ಕಪ್ಪು ಕ್ಲಾತಿ ಟನ್ನುಗಟ್ಟಲೆ ಇಳಿದು ಫಿಶ್‌ಮೀಲ್‌ಗೆ ಹೋಯಿತು. ಆರಂಭದಲ್ಲಿ ಕೇಳಿದ ಒಗಟಿನ ಉತ್ತರ ಇಲ್ಲಿದೆ. 6.95 ಲಕ್ಷ ಟನ್ ಎಂಬುದು ನಮ್ಮ ಮನೆಯಂಗಳದ ಫಸಲಲ್ಲ. ಬೇರೆ ಜಾಗ, ಬೇರೆ ಆಳ, ಬೇರೆ ಜಾತಿಯ ಮೀನುಗಳನ್ನು ಕೂಡಿಸಿ ಬಂದ ಮೊತ್ತ ಅದು. ಒಂದು ಜಾತಿ ಬರಿದಾದಾಗ ಇನ್ನೊಂದು ಆ ಜಾಗ ತುಂಬುತ್ತದೆ, ಮೊತ್ತದ ಗೆರೆ ಮೇಲೆಯೇ ಇರುತ್ತದೆ.

ದೂರ ಹೋಗುವುದರ ಬೆಲೆಯನ್ನು ಮನುಷ್ಯರೂ ತೆತ್ತರು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ನೌಕಾಪಡೆಗೆ ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲ ತಳದಲ್ಲಿ.

ಕಡಲೇ ಬದಲಾದಾಗ

ಇಷ್ಟು ಹೊತ್ತು ಬಲೆಯ ಚರಿತ್ರೆ ಹೇಳಿದ್ದಾಯಿತು. ಬಲೆಯಿಲ್ಲದೆಯೂ ಮನುಷ್ಯ ಕಡಲನ್ನು ಮುಟ್ಟಿದ್ದಾನೆ. ಅರಬ್ಬೀ ಸಮುದ್ರದ ನಡುನೀರಿನಲ್ಲಿ ಸ್ವಭಾವತಃ ಆಮ್ಲಜನಕ ಕಡಿಮೆ. ಮುಂಗಾರಿನ ಹಿಂಚುಮುಂಚಿನಲ್ಲಿ ಆ ನೀರು ಮೇಲೇರಿ ಕರಾವಳಿಯ ಹತ್ತಿರ ಬರುತ್ತದೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಸಂಗಡಿಗರು 2000ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪ್ರಕಾರ, ಪಶ್ಚಿಮ ಕರಾವಳಿಯ ಈ ಉಸಿರುಗಟ್ಟು ಹಿಂದಿಗಿಂತ ತೀವ್ರವಾಗಿದೆ, ಹೊಲಗಳಿಂದ ಹರಿದು ಬರುವ ಸಾರಜನಕದ ಕೈವಾಡ ಅದರಲ್ಲಿ ಇರುವ ಸಂಭವವಿದೆ. 2016ರಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು ಪಶ್ಚಿಮ ಹಿಂದೂ ಮಹಾಸಾಗರ ಬಿಸಿಯಾದಂತೆ ಆರು ದಶಕಗಳಲ್ಲಿ ಅಲ್ಲಿನ ಸೂಕ್ಷ್ಮ ಪಾಚಿ ಶೇ. 20ರವರೆಗೆ ಕುಗ್ಗಿದೆ ಎಂದು ತೋರಿಸಿದರು. ಮೇಲಿನ ನೀರು ಬಿಸಿಯಾದರೆ ತಳದ ಸಾರ ಮೇಲೇಳುವುದಿಲ್ಲ. 1955ರಲ್ಲಿ ಬೂತಾಯಿಯ ಹಣೆಬರಹವೆಂದು ತಿಳಿದದ್ದು ಪಾಚಿ. ಆ ಪಾಚಿಯ ಹಣೆಬರಹವನ್ನು ಈಗ ಬರೆಯುತ್ತಿರುವುದು ಹೊಗೆ.

ದಡವೂ ಮೊದಲಿನಂತಿಲ್ಲ. ಕಡಲ್ಕೊರೆತಕ್ಕೆಂದು ಉಳ್ಳಾಲದಿಂದ ಉತ್ತರದವರೆಗೆ ಅಲ್ಲಲ್ಲಿ ಸುರಿದ ಕರಿಕಲ್ಲಿನ ತಡೆಗೋಡೆಗಳು ರಂಪಣಿ ಎಳೆಯುವ ಮರಳನ್ನೂ ಆಮೆ ಮೊಟ್ಟೆಯಿಡುವ ಮರಳನ್ನೂ ಒಟ್ಟಿಗೆ ನುಂಗಿವೆ.

ಇವೆಲ್ಲ ಕೂಡಿದಾಗ ಏನಾಗುತ್ತದೆಂಬುದಕ್ಕೆ ಕಳೆದ ದಶಕದ ಬೂತಾಯಿಯೇ ಸಾಕ್ಷಿ. 2012ರಲ್ಲಿ ದೇಶದಲ್ಲಿ ಹಿಡಿದ ಬೂತಾಯಿ ಸುಮಾರು 7.2 ಲಕ್ಷ ಟನ್, ಅದರಲ್ಲಿ ಕೇರಳದ ಪಾಲು 3.9 ಲಕ್ಷ. 2021ರಲ್ಲಿ ಕೇರಳಕ್ಕೆ ಸಿಕ್ಕಿದ್ದು 3,297 ಟನ್. ನೂರಕ್ಕೆ ಒಂದೂ ಉಳಿಯಲಿಲ್ಲ. ಮರಿಗಳ ವಿಪರೀತ ಬೇಟೆ ಮತ್ತು ಎಲ್ ನಿನೋ ತಂದ ಬಿಸಿ ಎರಡನ್ನೂ ವಿಜ್ಞಾನಿಗಳು ಹೆಸರಿಸಿದ್ದಾರೆ. ಆಮೇಲೆ ಬೂತಾಯಿ ಚೇತರಿಸಿಕೊಂಡಿದೆ ನಿಜ. ಮರಳಿ ಬರುವುದೂ ಅದರ ಜಾಯಮಾನವೇ. ಆದರೆ ಬರುತ್ತಿರುವಾಗ ದಾರಿಯಲ್ಲಿ ಕಾದಿರುವ ಬಲೆಗಳು ಈಗ 1940ರ ದಶಕದವಲ್ಲ.

ಕಾಯಿದೆ ಬಂದ ಹೊತ್ತು

ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಅಧಿನಿಯಮ ಬಂದದ್ದು 1986ರಲ್ಲಿ, ರಂಪಣಿ ಮೂಲೆ ಸೇರಿದ ಮೇಲೆ. ಕೇರಳ 1988ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧಿಸಿತು. ಇಡೀ ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಒಂದೇ ರಜೆ ಜಾರಿಗೆ ಬರಲು 2015 ಆಗಬೇಕಾಯಿತು. ಹಿಂದೆ ಮುಂಗಾರೇ ಪುಕ್ಕಟೆಯಾಗಿ ಕೊಡುತ್ತಿದ್ದ ರಜೆಯನ್ನು ಈಗ ಆದೇಶ ಹೊರಡಿಸಿ ಕೊಡಿಸಬೇಕಾಗಿದೆ. ರಾತ್ರಿ ಪ್ರಖರ ಎಲ್‌ಇಡಿ ದೀಪ ಹಚ್ಚಿ ಮೀನನ್ನು ಸೆಳೆಯುವುದನ್ನೂ, ಎರಡು ಬೋಟುಗಳು ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಆಮೇಲೂ ಇವೆರಡರ ವಿರುದ್ಧ ನಾಡದೋಣಿಯವರು ಬಂದರುಗಳಲ್ಲಿ ಧರಣಿ ಕೂರುವುದು ನಿಂತಿಲ್ಲ. ಟ್ರಾಲ್ ಬಲೆಯ ಚೀಲದ ಕಣ್ಣು 35 ಮಿಲಿಮೀಟರ್ ಇರಬೇಕೆಂಬುದು ನಿಯಮ; ಸಲಿಕೆಯಲ್ಲಿ ತುಂಬಿದ ಮರಿಗಳ ರಾಶಿ ಬೇರೆಯೇ ಅಳತೆಯನ್ನು ಹೇಳುತ್ತದೆ.

ಸಮಾರೋಪ

ಒಂದೂವರೆ ಶತಮಾನದ ಈ ಚರಿತ್ರೆಯಿಂದ ಮೂರು ಮಾತು ಹೊರಡುತ್ತವೆ. ಮೊದಲನೆಯದು, ಇಳಿದ ಮೀನಿನ ಟನ್ನು ಕಡಲಿನ ಆರೋಗ್ಯದ ಅಳತೆಯಾಗಲಾರದು. ಎಲ್ಲಿಂದ, ಯಾವ ಆಳದಿಂದ, ಯಾವ ಪ್ರಾಯದ ಮೀನು ಬಂತೆಂಬ ಲೆಕ್ಕ ಪಕ್ಕದಲ್ಲಿ ಇರದಿದ್ದರೆ ಆ ಅಂಕಿ ದಾರಿ ತಪ್ಪಿಸುತ್ತದೆ. ಎರಡನೆಯದು, ಪ್ರಕೃತಿಯ ಏರಿಳಿತ ಮತ್ತು ಮನುಷ್ಯನ ಬೇಟೆ ಬೇರೆ ಬೇರೆ ಖಾತೆಗಳಲ್ಲ. ಗಾಳಿ ತಪ್ಪಿದ ವರ್ಷದಲ್ಲಿ ಹಿಡಿದ ಮರಿಯ ಬೆಲೆ ಗಾಳಿ ಬೀಸಿದ ವರ್ಷದ್ದಕ್ಕಿಂತ ಹೆಚ್ಚು. ಮೂರನೆಯದು, ಹಿಂದಿನ ಮೀನುಗಾರ ನಮಗಿಂತ ವಿವೇಕಿಯಾಗಿದ್ದನೆಂದು ಹೇಳಲು ಆಧಾರ ಕಡಿಮೆ. ಅವನ ಕೈಗೆ ಇದ್ದ ಕಟ್ಟುಗಳು ಅವನ ಪರವಾಗಿ ವಿವೇಕದ ಕೆಲಸ ಮಾಡುತ್ತಿದ್ದವು.

ಎಂಜಿನನ್ನು ಕಳಚಿ ಹುಟ್ಟು ಹಿಡಿಯಿರಿ ಎಂದು ಯಾರಿಗೂ ಹೇಳಲಾಗದು. ಆದರೆ ಮೂರು ಕೆಲಸ ಇಂದೇ ಆಗಬಲ್ಲವು: ಇಂತಿಷ್ಟು ಅಳತೆಗಿಂತ ಚಿಕ್ಕ ಮೀನನ್ನು ಬಂದರಿನಲ್ಲಿ ಇಳಿಸಲು ಬಿಡದಿರುವುದು, ಮರಿಮೀನನ್ನು ಕೊಳ್ಳುವ ಕಾರ್ಖಾನೆಯ ಬಾಗಿಲಲ್ಲೇ ತಪಾಸಣೆ ನಡೆಸುವುದು, ಬಲೆಯ ಕಣ್ಣನ್ನು ಕಡಲಿಗಿಳಿಯುವ ಮೊದಲು ಅಳೆಯುವುದು. ಮೂರಕ್ಕೂ ಸಮುದ್ರಕ್ಕೆ ಹೋಗಬೇಕಾಗಿಲ್ಲ, ದಡದಲ್ಲಿ ನಿಂತರೆ ಸಾಕು. ಮೀನು ಕೊಳ್ಳುವವರಿಗೂ ಒಂದು ಮಾತು: ಅಂಗೈ ಅಗಲಕ್ಕಿಂತ ಚಿಕ್ಕ ಬೂತಾಯಿಯನ್ನು ಬುಟ್ಟಿಯಲ್ಲೇ ಬಿಡಿ. ಅದು ಇನ್ನೂ ಒಂದು ಸಲವೂ ಮೊಟ್ಟೆ ಇಟ್ಟಿರುವುದಿಲ್ಲ.